ಬ್ಯಾಚ್ ಗುಂಪಿಗೆ ಬಂದ 198ರ ವಿಡಿಯೋ

(ಬೆಂಗಳೂರಿನ ಮೆಕ್ಯಾನಿಕಲ್ ಬ್ಯಾಚ್ ಗುಂಪು. ಭಾನುವಾರ ಮೈಸೂರಿಗೆ ಹೋಗೋಕೆ ಯಾರ ಕಾರಲ್ಲಿ ಯಾರು ಅಂತ ಪಟ್ಟಿ ಆಗ್ತಿತ್ತು.)

ರಘು: [ವಿಡಿಯೋ] ಅಕ್ಕನ ಮಗ, ನಿನ್ನೆ ರಾತ್ರಿ, ಮೈಸೂರು ಹೈವೇ. ಬಿಡದಿ ದಾಟಿದ ಮೇಲೆ ಸ್ಪೀಡು 198! ಏನ್ ಕಂಟ್ರೋಲ್ ನೋಡ್ರೋ.

ನಾಗರಾಜ: ಸೂಪರ್ ಗುರು!

ಶೋಭಾ: ನಾನಂತೂ ಆ ಕಾರು ಹತ್ತಲ್ಲಪ್ಪ.

ಸವಿತಾ: ರಘು, ದಯವಿಟ್ಟು ಡಿಲೀಟ್ ಮಾಡು. ಇಲ್ಲಿರೋ ಎಷ್ಟೋ ಜನರ ಮಕ್ಕಳು ಈಗಷ್ಟೇ ಲೈಸೆನ್ಸ್ ತಗೊಂಡಿದ್ದಾರೆ. ನಾನು ಎರಡು ಸಲ ನೋಡ್ದೆ. ಒಂದೇ ಸಮ ಬೀಪ್ ಹೊಡ್ಕೊಳ್ತಿದೆ, ಅದು ಕೇಳಿಸ್ಬಾರ್ದು ಅಂತ ಹುಡುಗ ಹಾಡಿನ ವಾಲ್ಯೂಮ್ ಏರಿಸ್ತಾನೆ. 2019ರ ಜುಲೈಯಿಂದ ತಯಾರಾದ ಕಾರುಗಳಲ್ಲಿ 80 ದಾಟಿದ್ರೆ ಆಗಾಗ, 120 ದಾಟಿದ್ರೆ ನಿಲ್ಲದ ಹಾಗೆ ಆ ಸದ್ದು ಬರ್ಲೇಬೇಕು ಅಂತ ಕಾನೂನು ಮಾಡಿದ್ದೇ ಇದಕ್ಕೆ.

ರಘು: ಅವನ ಕೈ ಪಳಗಿದೆ ಕಣೇ. ರಾತ್ರಿ ಒಂದೂವರೆ, ರಸ್ತೆ ಖಾಲಿ, ಕಾರು ಫೈವ್ ಸ್ಟಾರ್. ಬ್ರೇಕ್ ಕಂಪನೀಲಿ ಇರೋಳು ನೀನೇ ಹೆದರಿದ್ರೆ ಹೇಗೆ?

ಸವಿತಾ: ಬ್ರೇಕ್ ಕೆಲಸ ಮಾಡೋದ್ರಿಂದಲೇ ಹೆದರಿಕೆ. ಆ ಸ್ಟಾರ್ ಎಲ್ಲಿಂದ ಬಂತು ಹೇಳು. ಭಾರತ್ ಎನ್‌ಕ್ಯಾಪ್ ಅನ್ನೋ ಡಿಕ್ಕಿ ಪರೀಕ್ಷೇಲಿ ಕಾರನ್ನ ಎದುರಿಂದ ಗುದ್ದಿಸೋದು ಗಂಟೆಗೆ 64 ಕಿ.ಮೀ. ವೇಗದಲ್ಲಿ. 198ಕ್ಕೆ ಅದರ ಒಂಬತ್ತೂವರೆ ಪಟ್ಟು ಶಕ್ತಿ ಬಂದು ಬಡಿಯುತ್ತೆ. ಆ ವೇಗಕ್ಕೆ ಯಾರೂ ಸ್ಟಾರ್ ಕೊಟ್ಟಿಲ್ಲ.

ಸವಿತಾ: ಖಾಲಿ ರಸ್ತೆ ಅಂದ್ಯಲ್ಲ, 2021ರ ಆಗಸ್ಟ್ ಕೊನೇಲಿ ಕೋರಮಂಗಲದಲ್ಲಿ ಮಧ್ಯರಾತ್ರಿ ಕಳೆದ ಮೇಲೆ ಒಂದೇ ಕಾರಲ್ಲಿದ್ದ ಏಳು ಜನ ಸತ್ರು. ಎದುರಿಗೆ ಬೇರೆ ಗಾಡಿ ಬಂದಿರ್ಲಿಲ್ಲ.

ನಾಗರಾಜ: ಅದು ಸಿಟಿ ಒಳಗೆ. ಇದು ಹೈವೇ. ಅಪಾಯ ಇರೋದು ಬಲಗಡೆ ಲೇನಲ್ಲಿ 50ರಲ್ಲಿ ಹೋಗೋ ಲಾರಿಯಿಂದ. ಅವರನ್ನ ಯಾರೂ ಕೇಳಲ್ಲ.

ಸವಿತಾ: ಲಾರಿ ವಿಷಯದಲ್ಲಿ ನಿನ್ನ ಮಾತು ಸರಿ, ಅವರನ್ನೂ ಹಿಡೀಬೇಕು. ಆದ್ರೆ ಆ 50ರ ಲಾರಿ ಹಿಂದೆ 100ರಲ್ಲಿ ಬರೋನಿಗೂ 198ರಲ್ಲಿ ಬರೋನಿಗೂ ಎಷ್ಟು ಅಂತರ ನೋಡು.

ಪ್ರಕಾಶ: ಜರ್ಮನಿಯಿಂದ ಎದ್ದೆ. ಏನ್ ಜಗಳ?

ರಘು: ಬಾ ಮಾರಾಯ, ನೀನೇ ಹೇಳು. ನಿಮ್ಮ ಜರ್ಮನಿ ಹೈವೇ ಆಟೋಬಾನ್‌ನಲ್ಲಿ ಒಬ್ಬ ಬುಗಾಟಿ ಕಾರಲ್ಲಿ 417 ಹೊಡೆದ, ಕೇಸೂ ಬಿದ್ದುಹೋಯ್ತು. ಇಲ್ಲಿ 198ಕ್ಕೆ ಇಷ್ಟು ರಾದ್ಧಾಂತ.

ಪ್ರಕಾಶ: 2021ರಲ್ಲಿ ನಡೆದದ್ದು. ಆ ಭಾಗದಲ್ಲಿ ವೇಗ ಮಿತಿ ಇರ್ಲಿಲ್ಲ. ಮಿತಿ ಇಲ್ಲದ ಕಡೆಯೂ ಇಲ್ಲಿ 130 ಅಂತ ಸಲಹೆ ಇದೆ. ಅದನ್ನ ಮೀರಿ ಹೋಗ್ತಾ ಅಪಘಾತ ಆದ್ರೆ ತಪ್ಪು ಎದುರಿನವನದ್ದಾದ್ರೂ ಪರಿಹಾರದಲ್ಲಿ ನಿನ್ನ ಪಾಲು ಬೀಳಬಹುದು. ಆಮೇಲೆ ಇಲ್ಲಿ ಆಟೋಬಾನ್ ದಾಟೋಕೆ ಯಾರೂ ನಡ್ಕೊಂಡು ಬರಲ್ಲ, ರಘು.

ಇಮ್ರಾನ್: ನಮ್ಮ ಮಾವನ ಮನೆ ಚನ್ನಪಟ್ಟಣದ ಹತ್ರ. 2023ರ ಆಗಸ್ಟಿಂದ ಬೈಕು, ಆಟೋ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ಬರೋ ಹಾಗಿಲ್ಲ, ಸರಿ. ಮನೆ ಈ ಕಡೆ, ತೋಟ ಆ ಕಡೆ ಇರೋರು ಏನ್ ಮಾಡ್ತಾರೆ? ಅಂಡರ್‌ಪಾಸ್ ದೂರ ಅಂತ ಬೇಲಿ ದಾಟಿಬಿಡ್ತಾರೆ. ತಪ್ಪೇ. ಆದ್ರೂ ದಾಟ್ತಾರೆ.

ರಘು: ಅದಕ್ಕೆ ನನ್ನ ಅಳಿಯ ಏನ್ ಮಾಡ್ಬೇಕು?

ಸವಿತಾ: ನಾನು ಹೇಳ್ಬೇಕಂತಿರೋದೇ ಅದು. ಉದ್ದ ಆಗುತ್ತೆ, ಪೂರ್ತಿ ಓದು. 198 ಅಂದ್ರೆ ಸೆಕೆಂಡಿಗೆ 55 ಮೀಟರ್. ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್ ಅಂದ್ರೂ 80 ಮೀಟರ್ ಅಲ್ಲೇ ಹೋಯ್ತು. ಒಣ ರಸ್ತೆ, ಒಳ್ಳೆ ಟೈರು ಇದ್ರೂ ನಿಲ್ಲೋಕೆ ಇನ್ನೂ 215 ಮೀಟರ್. ಒಟ್ಟು ಹತ್ತಿರ ಹತ್ತಿರ 300. ಡಿಮ್ ಲೈಟಲ್ಲಿ ಕಾಣೋದು 50–60 ಮೀಟರ್ ಅಷ್ಟೆ. ಈಗ ಬೇಲಿ ದಾಟಿ ನಿಂತಿರೋ ಮುದುಕನ ಕಡೆಯಿಂದ ನೋಡು. 300 ಮೀಟರ್ ದೂರದಲ್ಲಿ ಎರಡು ದೀಪ ಕಾಣ್ತಿವೆ. ಕತ್ತಲಲ್ಲಿ ಎದುರಿಂದ ಬರೋ ದೀಪ 100ರಲ್ಲಿದ್ಯೋ 198ರಲ್ಲಿದ್ಯೋ ಯಾರಿಗೂ ಗೊತ್ತಾಗಲ್ಲ. ಆ ರಸ್ತೆಯ ಮಿತಿ 100. ಹಾಗೆ ಬಂದ್ರೆ ಅವನಿಗೆ ಸುಮಾರು 11 ಸೆಕೆಂಡ್ ಇರುತ್ತೆ, ಮೂರು ಲೇನ್ ದಾಟ್ತಾನೆ. ನಿನ್ನ ಅಳಿಯ ಬಂದ್ರೆ ಐದೂವರೆ ಸೆಕೆಂಡ್. ಅವನು ಆಗ ಎರಡನೇ ಲೇನಲ್ಲಿ ಇರ್ತಾನೆ. ಹುಡುಗನ ಕೈ ಎಷ್ಟೇ ಪಳಗಿರ್ಲಿ, ಆ ಮುದುಕ ಹಾಕಿದ ಲೆಕ್ಕವನ್ನ ಇವನು ಸರಿ ಮಾಡೋಕಾಗಲ್ಲ. ಲೇನ್ ಬದಲಿಸೋ ಲಾರಿಯವನೂ ಕನ್ನಡೀಲಿ ನೋಡಿ ಇದೇ ಲೆಕ್ಕ ಹಾಕೋದು. ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೇಲಿ 2021ರ ಸೆಪ್ಟೆಂಬರ್‌ನಲ್ಲಿ ಬೈಕ್ ಬದಿಗೆ ನಿಲ್ಲಿಸ್ಕೊಂಡಿದ್ದ ಇಬ್ಬರು ಕಾರು ಗುದ್ದಿದ ಏಟಿಗೆ ಕೆಳಗೆ ಬಿದ್ದು ಸತ್ರು. ಅವರು ಯಾರ ಜೊತೆ ರೇಸಿಗೆ ಹೋಗಿದ್ರು?

ಶೋಭಾ: ಓದಿ ಕೈ ನಡುಗ್ತಿದೆ.

ನಾಗರಾಜ: ಕ್ಯಾಮೆರಾ ಹಿಡಿದ್ರೆ ಸಾವಿರ ರೂಪಾಯಿ ದಂಡ ಕಟ್ಟಿ ಬರ್ತಾರೆ, ಅದೇ ಸಮಸ್ಯೆ. ಸೂಪರ್ ಅಂದದ್ದು ವಾಪಸ್ ತಗೊಂಡೆ.

ಇಮ್ರಾನ್: ದಂಡಕ್ಕೇ ಮುಗಿಯಲ್ಲ. 2024ರ ಆಗಸ್ಟ್ 1ರಿಂದ ನಮ್ಮ ರಾಜ್ಯದಲ್ಲಿ 130 ದಾಟಿದ್ರೆ ಎಫ್‌ಐಆರ್. ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 281, ಆರು ತಿಂಗಳವರೆಗೆ ಜೈಲು ಆಗ್ಬಹುದು. ಸಾಕ್ಷಿನ ರಘುನೇ ಅಪ್‌ಲೋಡ್ ಮಾಡಿದ್ದಾನೆ.

(ಈ ಸಂದೇಶವನ್ನು ಅಳಿಸಲಾಗಿದೆ)

ರಘು: ತೆಗ್ದೆ. ನನಗೇನು ಅವನ ಮೇಲೆ ಪ್ರೀತಿ ಇಲ್ವಾ? ಅವನು ಹೇಳಿದ್ರೆ ಕೇಳಲ್ಲ.

ಸವಿತಾ: ಟೈರಿನ ಪಕ್ಕದ ಫೋಟೋ ಕಳಿಸೋಕೆ ಹೇಳು. ಅಕ್ಷರ ಕಾಣೋ ಹಾಗೆ.

ರಘು: [ಫೋಟೋ]

ಸವಿತಾ: 205/60 ಆರ್16 92ಎಚ್. ಎಚ್ ಅಂದ್ರೆ 210ರವರೆಗೆ. ಅದು ಸರಿಯಾದ ಗಾಳಿ, ಸರಿಯಾದ ಭಾರ, ಒಳ್ಳೆ ಸ್ಥಿತೀಲಿರೋ ಟೈರಿಗೆ. ಈಗ ಪಕ್ಕದಲ್ಲಿ ಕೊನೇ ನಾಲ್ಕಂಕಿ ನೋಡು, 3219. 2019ರ 32ನೇ ವಾರ ತಯಾರಾದದ್ದು. ಟೈರಿನ ಭುಜದ ಹತ್ರ, ಅಂದ್ರೆ ಅಂಚಲ್ಲಿ, ರಬ್ಬರ್ ಬಿರುಕು ಬಿಟ್ಟಿರೋದು ಫೋಟೋದಲ್ಲೇ ಕಾಣ್ತಿದೆ. ಗಾಳಿ ಯಾವಾಗ ನೋಡಿದ್ದು?

ರಘು: ಸರ್ವೀಸಿಗೆ ಬಿಟ್ಟಾಗ ಅಂತೆ. ಕಾರು ಸೆಕೆಂಡ್ ಹ್ಯಾಂಡ್.

ಸವಿತಾ: ಗಾಳಿ ಕಮ್ಮಿ ಇದ್ರೆ ಟೈರಿನ ಬದಿ ಹೆಚ್ಚು ಮಡಚುತ್ತೆ, ಬಿಸಿ ಏರುತ್ತೆ, ವೇಗ ಹೆಚ್ಚಾದಷ್ಟೂ ಇನ್ನೂ ಏರುತ್ತೆ. ಒಳಗಿನ ಪದರ ಬಿಟ್ಟುಕೊಳ್ಳೋದು ಹೀಗೇ. ಹೊರಗಿಂದ ಏನೂ ಗೊತ್ತಾಗಲ್ಲ. ನಾಳೆನೇ ನಾಲ್ಕೂ ಬದಲಿಸ್ಲಿ.

ರಘು: ಈ ಚಾಟೆಲ್ಲ ಅವನಿಗೆ ಕಳಿಸ್ದೆ. ಟೈರ್ ಹಾಕಿಸ್ತಾನಂತೆ. ಇನ್ಮೇಲೆ 140 ದಾಟಲ್ಲ ಅಂತಿದ್ದಾನೆ.

ಸವಿತಾ: 140 ಆಗಲ್ಲ. ಇಬ್ಬರಿಗೂ ಒಂದೇ ಜಾಗದಲ್ಲಿ ಅಡ್ಡಿ ಕಂಡ್ರೆ, 100ರಲ್ಲಿ ಬಂದ ಕಾರು ಪೂರ್ತಿ ನಿಂತಿರೋ ಜಾಗಕ್ಕೆ ಬಂದಾಗ 140ರ ಕಾರಿನ ವೇಗ ಇನ್ನೂ 110ರ ಮೇಲೆ ಇರುತ್ತೆ. ಕಾಗದದ ಮೇಲೆ ಹಾಕಿ ತೋರಿಸ್ತೀನಿ, ಅವನೂ ಇಂಜಿನಿಯರಿಂಗ್ ಓದ್ತಿದ್ದಾನೆ ತಾನೆ?

ರಘು: ಹೂಂ. ನನ್ನ ಪಕ್ಕದಲ್ಲೇ ಕೂತಿದ್ದಾನೆ, ಮುಖ ಊದಿಸ್ಕೊಂಡು. ಫೋನ್ ಮಾಡ್ಲಾ?

ಸವಿತಾ: ಈಗಲೇ ಮಾಡು.