ಹುಡುಗ ಮಾತೇ ಆಡುವುದಿಲ್ಲ, ಮೆಂಟರ್ ಆಗಿರುವುದನ್ನು ಬಿಟ್ಟುಬಿಡಲಾ?

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಒಂದು ಸಂಸ್ಥೆಯ ಮೂಲಕ, ಹಾಸ್ಟೆಲ್‌ನಲ್ಲಿರುವ ಒಂಬತ್ತನೇ ಕ್ಲಾಸಿನ ಹುಡುಗನಿಗೆ ಮೆಂಟರ್ (ಮಾರ್ಗದರ್ಶಕ) ಆಗಿ ಎರಡು ತಿಂಗಳಾಯಿತು. ಪ್ರತಿ ಶನಿವಾರ ಹೋಗುತ್ತೇನೆ. ಹೂಂ, ಉಹೂಂ ಬಿಟ್ಟರೆ ಮಾತಿಲ್ಲ. ಓದಿಗೆ ಟೈಮ್‌ಟೇಬಲ್ ಬರೆದುಕೊಟ್ಟೆ. ನಾಲ್ಕು ಮಡಿಕೆ ಮಾಡಿ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡ, ಅಷ್ಟೇ. ನನ್ನಿಂದ ಅವನಿಗೆ ಏನಾದರೂ ಉಪಯೋಗ ಆಗುತ್ತಿದೆಯಾ? ಬಿಟ್ಟುಬಿಡಲಾ? ಇದರ ಬಗ್ಗೆ ಸಂಶೋಧನೆ ಏನಾದರೂ ಆಗಿದೆಯಾ?

ಉತ್ತರ (ಶಾಲಾ ಆಪ್ತ ಸಮಾಲೋಚಕಿ): ಬಿಡಬೇಡಿ. ಎರಡು ತಿಂಗಳಿಗೆ ಬಿಡುವುದಂತೂ ಬೇಡವೇ ಬೇಡ.

ಸಂಶೋಧನೆ ಬಹಳ ಆಗಿದೆ, ಹೆಚ್ಚಿನದು ಅಮೆರಿಕದಲ್ಲಿ. ಮಕ್ಕಳಿಗೆ ಮೆಂಟರ್ ಒದಗಿಸುವ ಅಲ್ಲಿನ 'ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್' ಸಂಸ್ಥೆಯ ಮೇಲೆ 1995ರಲ್ಲಿ ಒಂದು ದೊಡ್ಡ ಅಧ್ಯಯನ ಹೊರಬಂತು. 10ರಿಂದ 16 ವರ್ಷದ 959 ಮಕ್ಕಳು. ಚೀಟಿ ಎತ್ತಿದ ಹಾಗೆ ಅರ್ಧ ಮಕ್ಕಳಿಗೆ ಆಗಲೇ ಮೆಂಟರ್ ಕೊಟ್ಟರು, ಉಳಿದವರನ್ನು ಕಾಯುವ ಪಟ್ಟಿಯಲ್ಲಿ ಇಟ್ಟರು. ಒಂದೂವರೆ ವರ್ಷದ ನಂತರ ನೋಡಿದರೆ, ಮೆಂಟರ್ ಇದ್ದ ಮಕ್ಕಳಲ್ಲಿ ಹೊಸದಾಗಿ ಡ್ರಗ್ಸ್ ಶುರುಮಾಡುವುದು 46% ಕಡಿಮೆ, ಕುಡಿತ ಶುರುಮಾಡುವುದು 27% ಕಡಿಮೆ. ಶಾಲೆಗೆ ಚಕ್ಕರ್ ಹೊಡೆದ ದಿನಗಳು ಅರ್ಧಕ್ಕಿಂತ ಕಡಿಮೆ. ಮೆಂಟರುಗಳು ಪಾಠ ಹೇಳಿಕೊಟ್ಟಿರಲಿಲ್ಲ. ತಿಂಗಳಿಗೆ ಮೂರು ಸಲದಷ್ಟು ಸಿಕ್ಕು, ಕೆಲವು ಗಂಟೆ ಜೊತೆಗಿದ್ದರು.

ನಿಮ್ಮ ಪ್ರಶ್ನೆಗೆ ಬೇಕಾದ್ದು ಇನ್ನೊಂದಿದೆ. ಇದೇ ಮಾಹಿತಿಯನ್ನು ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಎಂಬ ಸಂಶೋಧಕಿಯರು ಮತ್ತೆ ಕೆದಕಿ 2002ರಲ್ಲಿ ಪ್ರಕಟಿಸಿದರು. ಹೆಚ್ಚು ಲಾಭ ಕಂಡಿದ್ದು ಒಂದು ವರ್ಷ ದಾಟಿದ ಜೋಡಿಗಳಲ್ಲಿ. ಮೂರು ತಿಂಗಳೊಳಗೆ ಮುರಿದುಬಿದ್ದ ಕಡೆ ಮಕ್ಕಳ ಆತ್ಮವಿಶ್ವಾಸ ಕುಗ್ಗಿತ್ತು. ಮೆಂಟರೇ ಇಲ್ಲದ ಮಕ್ಕಳಿಗಿಂತ ಇವರು ಹಿಂದೆ ಬಿದ್ದಿದ್ದರು.

ನನಗೆ ಇದು ಬರೀ ಓದಿ ಗೊತ್ತಾಗಿದ್ದಲ್ಲ. ಹಿಂದೆ ನಾನಿದ್ದ ಶಾಲೆಯಲ್ಲಿ ಒಬ್ಬ ಹುಡುಗನ ಮೆಂಟರ್ ಹೇಳದೆ ಕೇಳದೆ ಬರುವುದು ನಿಲ್ಲಿಸಿದರು. ಸಂಸ್ಥೆಯವರೂ ತಿಳಿಸಲಿಲ್ಲ. ಹುಡುಗ ಮುಂದಿನ ಮೂರು ಶನಿವಾರವೂ ಎಣ್ಣೆ ಹಾಕಿ ತಲೆ ಬಾಚಿಕೊಂಡು ಬಂದು, ಮೆಟ್ಟಿಲ ಮೇಲೆ ಹನ್ನೊಂದರವರೆಗೆ ಕೂತ. ನಾಲ್ಕನೇ ವಾರ ಬರಲಿಲ್ಲ. ಆಮೇಲೆ ಯಾರು ಏನು ಕೇಳಿದರೂ ಅವನ ಉತ್ತರ ಒಂದೇ: "ಗೊತ್ತಿಲ್ಲ ಮಿಸ್."

ಪ್ರಶ್ನೆ: ಓದಿ ಭಯವಾಯಿತು. ಹಾಗಾದರೆ ಟೈಮ್‌ಟೇಬಲ್ ಕೊಟ್ಟಿದ್ದು ತಪ್ಪಾ? ಸುಮ್ನೆ ಕ್ರಿಕೆಟ್ ಬಗ್ಗೆ ಮಾತಾಡಿಕೊಂಡು ಬಂದರೆ ಸಾಕಾ?

ಉತ್ತರ: ತಪ್ಪಲ್ಲ, ಬೇಗ ಆಯಿತು. ಮೊರೋ ಮತ್ತು ಸ್ಟೈಲ್ಸ್ ಎಂಬ ಇಬ್ಬರು ಸಂಶೋಧಕರು ಇಂಥ 82 ಜೋಡಿಗಳನ್ನು ಮಾತಾಡಿಸಿ ಅಧ್ಯಯನ ಮಾಡಿದರು. ಮೊದಲ ದಿನದಿಂದಲೇ ತಿದ್ದಲು ಹೊರಟವರ ಜೋಡಿಗಳು ಬೇಗ ಒಡೆದವು. ಮೊದಲು ಮಗುವಿನ ಇಷ್ಟ ಕೇಳಿ, ಅದರ ಜೊತೆ ಆಡಿ, ನಂಬಿಕೆ ಬಂದಮೇಲೆ ಓದು, ಗುರಿ ಅಂತ ಮಾತು ತೆಗೆದವರು ಉಳಿದರು. ಶನಿವಾರ ಏನು ಮಾಡೋಣ ಅಂತ ಅವನನ್ನೇ ಕೇಳಿ. "ನಿಮ್ಮಿಷ್ಟ ಸರ್" ಅಂತಾನೆ, ಖಂಡಿತ. ಆಗ ಎರಡು ಆಯ್ಕೆ ಕೊಡಿ: ಕೇರಂ ಆಡೋಣವಾ, ಹೊರಗೆ ನಡೆಯೋಣವಾ? ಎದುರಾಬದುರು ಕೂತರೆ ಈ ವಯಸ್ಸಿನ ಹುಡುಗರು ಬಾಯಿ ಬಿಡುವುದು ಕಷ್ಟ. ಪಕ್ಕದಲ್ಲಿ ನಡೆಯುವಾಗ ತಾನಾಗೇ ಮಾತು ಬರುತ್ತದೆ.

ಬರೀ ಪ್ರೀತಿ ಇದ್ದರೆ ಸಾಕು ಅಂತಲೂ ಹೇಳಲಾರೆ. 1939ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್, ಸಾಮರ್‌ವಿಲ್ ಎಂಬ ಊರುಗಳಲ್ಲಿ 506 ಹುಡುಗರನ್ನು ಆರಿಸಿಕೊಂಡು, ಅರ್ಧ ಜನರಿಗೆ ವರ್ಷಗಟ್ಟಲೆ ಮಾರ್ಗದರ್ಶಕರನ್ನು ಕೊಟ್ಟರು. 30 ವರ್ಷದ ನಂತರ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನು ಹುಡುಕಿ ಪ್ರಶ್ನಾವಳಿ ಕಳಿಸಿದರು. ಮಾರ್ಗದರ್ಶನ ಸಿಕ್ಕಿ, ಉತ್ತರ ಕೊಟ್ಟವರಲ್ಲಿ ಮೂರರಲ್ಲಿ ಇಬ್ಬರು "ನನಗೆ ಒಳ್ಳೆಯದಾಯಿತು" ಅಂದರು. ಆದರೆ ದಾಖಲೆ ತೆಗೆದರೆ ಕುಡಿತ, ಮಾನಸಿಕ ಕಾಯಿಲೆ, ಬೇಗ ಸಾವು, ಎಲ್ಲವೂ ಮಾರ್ಗದರ್ಶನ ಸಿಕ್ಕವರಲ್ಲೇ ಜಾಸ್ತಿ! ಬೇಸಿಗೆ ಶಿಬಿರಕ್ಕೆ ಮತ್ತೆ ಮತ್ತೆ ಹೋದವರಿಗೆ ಹೆಚ್ಚು ಹಾನಿಯಾಗಿತ್ತು. ಅಲ್ಲಿ ಪುಂಡಾಟದ ಬಡಾಯಿಗೆ ಗೆಳೆಯರ ಚಪ್ಪಾಳೆ ಸಿಕ್ಕಿರಬೇಕು ಎಂಬುದು ಮೆಕಾರ್ಡ್ ಅವರ ಅನುಮಾನ. ಇದು ಓದಿದಾಗಿನಿಂದ, ತರಬೇತಿ ಕೊಡದೆ, ಆಗಾಗ ವಿಚಾರಿಸದೆ ಮೆಂಟರನ್ನು ಕಳಿಸುವ ಸಂಸ್ಥೆಗಳನ್ನು ನಾನು ಒಪ್ಪುವುದಿಲ್ಲ. ನಿಮ್ಮವರು ತಿಂಗಳಿಗೊಮ್ಮೆಯಾದರೂ ಫೋನ್ ಮಾಡುತ್ತಾರಾ? ಇಲ್ಲವಾದರೆ ನೀವೇ ಕೇಳಿ.

ಪವಾಡ ನಿರೀಕ್ಷಿಸಬೇಡಿ. ಸಂಶೋಧಕ ಡೇವಿಡ್ ಡುಬಾಯ್ಸ್ ಮತ್ತು ಜೊತೆಗಾರರು ಮೆಂಟರಿಂಗ್ ಬಗೆಗಿನ 73 ಅಧ್ಯಯನಗಳನ್ನು ಒಟ್ಟುಹಾಕಿ 2011ರಲ್ಲಿ ಲೆಕ್ಕ ಕೊಟ್ಟರು. ನೂರು ಮಕ್ಕಳ ಸಾಲಿನಲ್ಲಿ ನಡುವೆ ನಿಂತ ಮಗು, ಮೆಂಟರ್ ಸಿಕ್ಕರೆ ಸರಾಸರಿ ಒಂಬತ್ತು ಸ್ಥಾನ ಮುಂದೆ ಹೋಗುತ್ತದೆ. ನನಗಂತೂ ಅದು ಸಣ್ಣದಲ್ಲ.

ಇನ್ನೊಬ್ಬರ ಪ್ರಶ್ನೆ: ನಾನೂ ಒಬ್ಬ ಹುಡುಗಿಗೆ ಮೆಂಟರ್. ಜೂನ್‌ನಲ್ಲಿ ನನಗೆ ಪುಣೆಗೆ ವರ್ಗ. ಹೇಗೆ ಹೇಳಲಿ?

ಉತ್ತರ: ದಿನಾಂಕ ಗೊತ್ತಾದ ತಕ್ಷಣ ಹೇಳಿ, ಎದುರಿಗೇ ಹೇಳಿ. "ನಿನ್ನಿಂದಲ್ಲ, ಕೆಲಸದಿಂದ" ಅಂತ ಬಾಯಿಬಿಟ್ಟೇ ಹೇಳಬೇಕು. ಮಕ್ಕಳು ತಪ್ಪನ್ನು ತಮ್ಮ ಮೇಲೇ ಹಾಕಿಕೊಳ್ಳುತ್ತಾರೆ. ಇನ್ನೆಷ್ಟು ಭೇಟಿ ಉಳಿದಿವೆ ಅಂತ ಇಬ್ಬರೂ ಸೇರಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಪುಣೆಯಿಂದ ಫೋನ್ ಮಾಡುತ್ತೇನೆ ಅನ್ನುವುದಾದರೆ, ನಿಜವಾಗಲೂ ಮಾಡಲಾಗುವಷ್ಟನ್ನೇ ಹೇಳಿ. ತಿಂಗಳಿಗೊಂದು ಅಂದರೆ ಒಂದು. ಅವಳ ಶಾಲೆಯಲ್ಲಿ, ಮನೆ ಹತ್ತಿರ ಅವಳಿಗೆ ಇಷ್ಟವಾದ ಟೀಚರೋ ಅತ್ತೆಯೋ ಯಾರಿದ್ದಾರೆ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಹೋಗುವ ಮೊದಲು ಅವರನ್ನು ಒಮ್ಮೆ ಹುಡುಗಿಯ ಜೊತೆಗೇ ಹೋಗಿ ಮಾತಾಡಿಸಿ ಬನ್ನಿ.