ಮಗಳಿಗೆ 40 ಪಾಪಿ ಹೂ ಹೊಲಿಯೋ ಕೆಲಸ: ಯಾವ ಬಟ್ಟೆ, ಎಷ್ಟು?

ರೆಡಿಂಗ್ ಅಮ್ಮ:
ಎಲ್ಲರಿಗೂ ನಮಸ್ಕಾರ. ನವೆಂಬರ್‌ನ ರಿಮೆಂಬ್ರೆನ್ಸ್ ಸಂಡೇಗೆ ಇಲ್ಲಿ ಇಂಗ್ಲೆಂಡಿನ ನಮ್ಮೂರ ಚರ್ಚ್ ಗೋಪುರದಿಂದ ಪಾಪಿ ಹೂ (ಕೆಂಪು ಗಸಗಸೆ ಹೂ) ಕಟ್ಟಿದ ಬಲೆ ಇಳಿಬಿಡ್ತಾರಂತೆ, ಯುದ್ಧಗಳಲ್ಲಿ ಸತ್ತ ಊರಿನ ಸೈನಿಕರ ನೆನಪಿಗೆ. ಇಯರ್ 5 ಮಗಳು ಹೆಸರು ಕೊಟ್ಟಿದ್ದಾಳೆ, ಮನೆಗೆ 40 ಹೂ. ನಮಗೆ ಕ್ರೋಶೆ ಬರಲ್ಲ, ಹೊಲಿದೇ ಆಗಬೇಕು. ಬಟ್ಟೆ ಯಾವುದು, ಎಷ್ಟು ಬೇಕು, ಮಷೀನ್ ಬೇಕಾ? ಇನ್ನೊಂದು ಅಳುಕು. ಶನಿವಾರ ಚರ್ಚ್ ಹಾಲ್‌ನಲ್ಲಿ ಎಲ್ಲರೂ ಕೂತು ಹೊಲೀತಾರೆ, ಅದೂ ಕನ್ನಡ ಕ್ಲಾಸ್ ಹೊತ್ತಿಗೇ. ಕಳಿಸಬಹುದಾ?

ಲೆಸ್ಟರ್ ಮಾವ:
ಧಾರಾಳವಾಗಿ ಕಳಿಸಿ. ಮಕ್ಕಳು ಇಲ್ಲಿಯವರ ಜೊತೆ ಬೆರೀಬೇಕು. ನಾನು ಯಾವಾಗಲೂ ಹೇಳೋದು ಅದನ್ನೇ.

ಸೂಜಿದಾರ:
ಮಷೀನ್ ಬೇಡಮ್ಮ, ಕೈಹೊಲಿಗೆ ಸಾಕು. ಕೆಂಪು ಪಾಲಿಯೆಸ್ಟರ್ ಫ್ಲೀಸ್ ತಗೊಳ್ಳಿ, 150 ಸೆಂ.ಮೀ. ಪನ್ನಾದ್ದು ಅರ್ಧ ಮೀಟರ್. ಒಂದು ಹೂವಿಗೆ ಎರಡು ದುಂಡನೆ ತುಂಡು: ಅಡಿಯದು 9 ಸೆಂ.ಮೀ., ಮೇಲಿನದು ಏಳೂವರೆ. ಪನ್ನಾ ಅಡ್ಡಕ್ಕೆ ದೊಡ್ಡದು 16 ಕೂರುತ್ತೆ, ಮೂರು ಸಾಲು. ಚಿಕ್ಕದು 20 ಕೂರುತ್ತೆ, ಎರಡು ಸಾಲು. ಒಟ್ಟು 42 ಸೆಂ.ಮೀ. ಆಯ್ತು.

ಅಗ್ಗದ ಕ್ರಾಫ್ಟ್ ಫೆಲ್ಟ್ ಬೇಡ, ನಾಲ್ಕು ಮಳೆಗೆ ಜೋತುಬೀಳುತ್ತೆ. ಫ್ಲೀಸ್ ಅಂಚು ಎಳೆ ಬಿಡಲ್ಲ, ಮಡಚಿ ಹೊಲಿಯೋ ಕೆಲಸವೂ ಇಲ್ಲ. ಮೊದಲು ಒಂದು ಚೂರನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ವಾಪಸ್ ಕೊಡಿ, ಗೋಪುರದ ಕಲ್ಲಿಗೆ ಕೆಂಪು ಇಳಿದರೆ ಎಲ್ಲರಿಗೂ ಬೈಗುಳ.

ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಂಡು, ಟೈಲರ್ ಚಾಕ್‌ನಲ್ಲಿ ಗೆರೆ ಎಳೆದು, ಒಂದೊಂದೇ ಪದರ ಕತ್ತರಿಸಿ. ನಾಲ್ಕು ಮಡಿಕೆ ಸೇರಿಸಿ ಕತ್ತರಿಸಿದರೆ ಫ್ಲೀಸ್ ಜಾರಿ ಅಡಿಯ ತುಂಡು ಮೊಟ್ಟೆಯಾಕಾರ ಆಗುತ್ತೆ. ಪ್ರತಿ ತುಂಡಿಗೂ ನಾಲ್ಕು ಕಡೆ ಅಂಚಿಂದ ಒಳಕ್ಕೆ 2 ಸೆಂ.ಮೀ. ಸೀಳಿ, ದಳ ಬಂತು. ಅಡಿಯ ಸೀಳಿನ ಮೇಲೆ ಮೇಲಿನ ದಳ ಕೂರೋ ಹಾಗೆ ತಿರುಗಿಸಿಡಿ. ನಡುವೆ 2 ಸೆಂ.ಮೀ.ನ ಕಪ್ಪು ಗುಂಡಿ, ನಾಲ್ಕು ತೂತಿನದು. ಎರಡೆಳೆ ಪಾಲಿಯೆಸ್ಟರ್ ದಾರ. ಹತ್ತಿ ದಾರ ನೆನೆದು ನೆನೆದು ಲಡ್ಡಾಗುತ್ತೆ. ಹಿಂದೆ ನಡುಮಧ್ಯ ಅರ್ಧ ಸೆಂ.ಮೀ. ಚಿವುಟಿ ಎರಡು ಹೊಲಿಗೆ ಹಾಕಿದರೆ ಹೂ ಬಟ್ಟಲಾಗಿ ನಿಲ್ಲುತ್ತೆ, ಇಲ್ಲದಿದ್ದರೆ ಹಪ್ಪಳ. ಕೊನೆಗೆ ದಾರ ಕತ್ತರಿಸಬೇಡಿ, 20 ಸೆಂ.ಮೀ. ಬಾಲ ಬಿಡಿ. ಬಲೆಗೆ ಕಟ್ಟೋದು ಅದರಲ್ಲೇ.

ಗ್ಲೂ ಗನ್ ಮುಟ್ಟಲೇಬೇಡಿ. ಚಳಿಗೆ ಅಂಟು ಗಟ್ಟಿಯಾಗಿ ಗುಂಡಿ ಉದುರುತ್ತೆ. ಮಗುವಿಗೆ ದೊಡ್ಡ ಕಣ್ಣಿನ ಶೆನಿಲ್ ಸೂಜಿ ಕೊಡಿ.

ಸ್ಲೌ ರಾಯರು:
ಬಟ್ಟೆ, ಗುಂಡಿ ಎಲ್ಲಾ ಸರಿ. ಮೂಲ ಪ್ರಶ್ನೆಯನ್ನೇ ಯಾರೂ ಮುಟ್ಟಿಲ್ಲ. ವಾರಕ್ಕೆ ಒಂದೇ ಒಂದು ಗಂಟೆ ಕನ್ನಡ, ಅದನ್ನೂ ಬಿಡಿಸಿ ನಮ್ಮನ್ನು ಆಳಿದವರ ಸೈನ್ಯಕ್ಕೆ ಹೂ ಹೊಲಿಸಬೇಕಾ? ಹತ್ತು ವರ್ಷದ ಮಗುವಿಗೆ ಒತ್ತಕ್ಷರ ಬರಲ್ಲ, ಪಾಪಿ ಬರುತ್ತೆ! ಇಲ್ಲಿ ಹುಟ್ಟಿದ ಮಕ್ಕಳು ಕೈತಪ್ಪೋದು ಹೀಗೇ, ಒಂದೊಂದೇ ಶನಿವಾರ.

ಮೈಸೂರಿನವ:
ರಾಯರೇ, ‘ಅವರ ಸೈನ್ಯ’ ಅಂದರೆ ಯಾರು ಸ್ವಾಮಿ? 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲ್ ದೇಶದ ಹೈಫಾ ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ದಳದವರು ಇದ್ದರು, ಜೋಧಪುರದವರ ಜೊತೆಗೆ. ಮೊದಲ ಮಹಾಯುದ್ಧದಲ್ಲಿ ಸುಮಾರು 74 ಸಾವಿರ ಭಾರತೀಯ ಸೈನಿಕರು ಸತ್ತಿದ್ದಾರೆ. ಬ್ರೈಟನ್ ಹತ್ತಿರ ಛತ್ರಿ ಸ್ಮಾರಕ ಇದೆ. 53 ಹಿಂದೂ, ಸಿಖ್ ಸೈನಿಕರ ಶವಸಂಸ್ಕಾರ ಆದ ಜಾಗ ಅದು, 1921ರಲ್ಲಿ ಅನಾವರಣ ಆಗಿದ್ದು. ಮಕ್ಕಳನ್ನು ಅಲ್ಲಿಗೆ ಕರ್ಕೊಂಡು ಹೋಗಿ.

ಸ್ಲೌ ರಾಯರು:
ಅವರ ಹೆಸರು ಈ ಊರಿನ ಚರ್ಚ್ ಗೋಡೆ ಮೇಲೆ ಇದೆಯಾ? ಅದನ್ನು ಹೇಳಿ.

ಹುಬ್ಬಳ್ಳಿ ಹುಡುಗ:
ಜಗಳ ಯಾಕ್ರಿ? ಖಾದಿ ಬಟ್ಟೀಲೆ ಮಾಡ್ರಿ, ಎರಡೂ ಆಗ್ತದ. 2018ರಾಗ ಮಾಜಿ ಸೈನಿಕರಿಗೆ ನೆರವಾಗೋ ಇಲ್ಲಿನ ಸಂಸ್ಥೆ ರಾಯಲ್ ಬ್ರಿಟಿಷ್ ಲೀಜನ್‌ನವರೇ ಭಾರತೀಯ ಸೈನಿಕರ ನೆನಪಿಗೆ ಖಾದಿ ಪಾಪಿ ತಂದಿದ್ರು. ನಮ್ಮ ಹುಬ್ಬಳ್ಳಿ ಬೆಂಗೇರಿಯೊಳಗ ರಾಷ್ಟ್ರಧ್ವಜಾನೇ ಖಾದೀಲೆ ತಯಾರಾಗ್ತದ, ಹೂ ಆಗಂಗಿಲ್ಲೇನು?

ಸೂಜಿದಾರ:
ಅದು ಕೋಟಿಗೆ ಸಿಕ್ಕಿಸೋ ಹೂ, ತಮ್ಮ. ಇದು ವಾರಗಟ್ಟಲೆ ಮಳೆಗಾಳಿಗೆ ನೇತಾಡೋದು. ಖಾದಿ ನೀರು ಹೀರಿ ಭಾರ ಆಗುತ್ತೆ, ಅಂಚು ಎಳೆ ಬಿಡುತ್ತೆ. ಖಾದಿಯದೇ ಬೇಕು ಅಂದರೆ ಹಾಲ್ ಒಳಗೆ ಮೇಜಿನ ಮೇಲಿಡೋ ಹೂಮಾಲೆಗೆ ಹೊಲಿಯಿರಿ.

ಲೀಡ್ಸ್ ಅಕ್ಕ:
ಯುದ್ಧದ ವೈಭವ ಬೇಡ ಅನ್ನೋರಿಗೆ ಬಿಳಿ ಪಾಪಿ ಇದೆ, 1933ರಿಂದಲೂ. ಆದರೆ ಊರವರ ಕೆಂಪು ಬಲೆಗೆ ಕೇಳದೇ ಬಿಳಿ ಸೇರಿಸಬೇಡಿ, ದೊಡ್ಡ ರಂಪ ಆಗುತ್ತೆ.

ಸ್ಲೌ ರಾಯರು:
ನೋಡಿ, ಬಣ್ಣಕ್ಕೂ ಅವರ ಅಪ್ಪಣೆ!

ರೆಡಿಂಗ್ ಅಮ್ಮ:
ರಾಯರೇ, ಕನ್ನಡ ಕ್ಲಾಸ್ ಬಿಡಿಸ್ತೀನಿ ಅಂತ ನಾನು ಹೇಳಿಲ್ಲ. ಸೂಜಿದಾರ ಆಂಟಿ, ಬಲೆಗೂ ನಾವೇ ಕಟ್ಟಬೇಕಂತೆ. ಹೇಗೆ?

ಲೆಸ್ಟರ್ ಮಾವ:
ನನ್ನ ಪ್ರಕಾರ ಮಕ್ಕಳು ಬೆರೀಬೇಕು.

ಸೂಜಿದಾರ:
ದಾರವನ್ನು ಬಲೆಯ ಗಂಟು ಇರೋ ಜಾಗಕ್ಕೇ ಸುತ್ತಿ ಎರಡು ಗಂಟು ಹಾಕಿ. ಬರೀ ಎಳೆಗೆ ಕಟ್ಟಿದರೆ ಗಾಳಿಗೆ ಜಾರಿ ಹೂವೆಲ್ಲಾ ಕೆಳಗೆ ಗುಂಪಾಗುತ್ತೆ. ಚದರ ಮೀಟರಿಗೆ 80 ಹೂ ಸಾಕು. ಮೇಲುಗಡೆ ಒತ್ತಾಗಿ, ಕೆಳಗೆ ಹೋದಂತೆ ವಿರಳವಾಗಿ. ಪೂರ್ತಿ ಮುಚ್ಚಿದರೆ ಗಾಳಿ ತುಂಬಿ ಹಗ್ಗವೇ ಕಿತ್ತುಬರುತ್ತೆ. ಬಲೆ ಕಡುಹಸಿರಿನದಿರಲಿ. ಮೇಲಂಚಿನ ಹಗ್ಗಕ್ಕೆ 30 ಸೆಂ.ಮೀ.ಗೊಂದು ಕಪ್ಪು ಕೇಬಲ್ ಟೈ, ಬಿಸಿಲಿಗೆ ತಾಳೋದು. ಗೋಪುರ ಹತ್ತೋದು ಅವರ ಜನ ಮಾಡಲಿ, ನೀವು ನೆಲದ ಮೇಲೆ ಹಾಸಿ ಕಟ್ಟಿ ಕೊಡಿ.

ಶನಿವಾರದ ವಿಷಯ: ಹೂ ಹೊಲಿಯೋಕೆ ಹಾಲ್‌ಗೆ ಹೋಗಲೇಬೇಕು ಅಂತಿಲ್ಲ. ಕನ್ನಡ ಕ್ಲಾಸ್ ಮುಗಿಸಿ ಮನೇಲೇ ಹೊಲಿದು, ಹತ್ತತ್ತು ಹೂ ಒಂದೊಂದು ದಾರಕ್ಕೆ ಪೋಣಿಸಿ ತಲುಪಿಸಿ. ಎಣಿಸೋರಿಗೂ ಸುಲಭ. ಬಲೆಗೆ ಕಟ್ಟೋ ದಿನ ಮಾತ್ರ ಮಗಳನ್ನು ಕರ್ಕೊಂಡು ಹೋಗಿ. ಕೊಡೋ ಮುಂಚೆ ಪ್ರತಿ ಹೂವಿನ ಹಿಂದೆ ಕೈಯಾಡಿಸಿ ನೋಡಿ, ಗುಂಡುಪಿನ್ನು ಉಳಿದಿರುತ್ತೆ.

ಹುಬ್ಬಳ್ಳಿ ಹುಡುಗ:
ರಾಯರ, ಸ್ಲೌ ಕನ್ನಡ ಕ್ಲಾಸ್‌ನ್ಯಾಗ ಸೀಟ್ ಅದಾವೇನ್ರಿ? ನಮ್ಮ ಹುಡುಗನ್ನ ಹಚ್ಚಬೇಕಾಗೇದ.