ಲಿವರ್ ಕಸಿ ಆದ ಮೇಲೆ ಅಮ್ಮನಿಗೆ ಶುಗರ್, ಜೊತೆಗೆ ಬೆನ್ನುನೋವು

ಪ್ರಶ್ನೆ: ಅಮ್ಮನಿಗೆ 56 ವರ್ಷ. ಲಿವರ್ ಕಸಿ ಆಗಿ ನಾಲ್ಕು ತಿಂಗಳಾಯಿತು. ಹೊಸ ಲಿವರನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್ ಎರಡು ಹೊತ್ತು, ಪ್ರೆಡ್ನಿಸೋಲೋನ್ ಎಂಬ ಸ್ಟೆರಾಯ್ಡ್ ಬೆಳಿಗ್ಗೆ. ಮೊದಲು ಶುಗರ್ ಇರಲಿಲ್ಲ. ಈಗ ಖಾಲಿ ಹೊಟ್ಟೆಯಲ್ಲಿ 108, ಮಧ್ಯಾಹ್ನ ಊಟವಾಗಿ ಎರಡು ಗಂಟೆಗೆ 240. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) ಮಾತ್ರ 5.6. ಹೋದ ವಾರ ಬಕೆಟ್ ಎತ್ತುವಾಗ ಬೆನ್ನು ಹಿಡಿದುಕೊಂಡಿತು, ಇನ್ನೂ ಬಿಟ್ಟಿಲ್ಲ. ಸ್ಟೆರಾಯ್ಡ್ ನಿಲ್ಲಿಸಿಬಿಡೋಣ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ನಿಲ್ಲಿಸಬಹುದಾ?

ಉತ್ತರ (ಲಿವರ್ ಕಸಿ ವಿಭಾಗದ ವೈದ್ಯೆ): ನೀವಾಗಿಯೇ ನಿಲ್ಲಿಸಬೇಡಿ, ದಯವಿಟ್ಟು. ಹೊಸ ಲಿವರನ್ನು ದೇಹ ತಿರಸ್ಕರಿಸಬಹುದು. ಸ್ಟೆರಾಯ್ಡ್ ದಿಢೀರನೆ ನಿಂತರೆ ಬಿಪಿ ಕುಸಿದು ಜೀವಕ್ಕೇ ಅಪಾಯವಾಗಬಹುದು. ಡೋಸ್ ಮೆಲ್ಲಗೆ ಇಳಿಸುವುದು ನಿಮ್ಮ ಕಸಿ ತಂಡದ ಕೆಲಸ.

ನನಗೆ ಜಾಸ್ತಿ ಚಿಂತೆ ಆ ಬೆನ್ನಿನದು. ಮುಲಾಮು ಹಚ್ಚಿ ಕಾಯಬೇಡಿ. ನಾಳೆಯೇ ಕ್ಲಿನಿಕ್ಕಿಗೆ ಫೋನ್ ಮಾಡಿ, ಬೆನ್ನುಮೂಳೆಯ ಎಕ್ಸ್‌ರೇ ಕೇಳಿ. ಕಸಿಯಾದ ಮೊದಲ ಆರು ತಿಂಗಳಲ್ಲೇ ಮೂಳೆ ಹೆಚ್ಚು ಸವೆಯುವುದು. ಲಿವರ್ ಕಾಯಿಲೆಯಿಂದ ಮೊದಲೇ ಮೂಳೆ ಬಡವಾಗಿರುತ್ತದೆ, ವಿಟಮಿನ್ ಡಿ ಕಡಿಮೆ ಇರುತ್ತದೆ. ಅದರ ಮೇಲೆ ಸ್ಟೆರಾಯ್ಡ್. ಹೀಗಾಗಿ ಬಕೆಟ್ ಎತ್ತಿದಷ್ಟಕ್ಕೇ ಬೆನ್ನುಮೂಳೆ ಕುಸಿಯುವುದುಂಟು. ಕಾಲು ಜೋಮು ಹಿಡಿದರೆ, ಬಲ ಕಡಿಮೆಯಾದರೆ, ಮೂತ್ರ ಕಟ್ಟಿದರೆ, ಜ್ವರ ಬಂದರೆ ನಾಳೆಗೂ ಕಾಯದೆ ಆಸ್ಪತ್ರೆಗೆ ಹೋಗಿ. ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ಕೊಡಬೇಡಿ. ಟ್ಯಾಕ್ರೋಲಿಮಸ್ ಜೊತೆ ಸೇರಿದರೆ ಕಿಡ್ನಿಗೆ ಪೆಟ್ಟು.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮತ್ತು ವಿಟಮಿನ್ ಡಿ ಪರೀಕ್ಷೆಯನ್ನೂ ಕೇಳಿ. ಡೆಕ್ಸಾದಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವ ವಯಸ್ಸಿನವರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅದು ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆದು ಟೊಳ್ಳಾಗುವ ಕಾಯಿಲೆ. ಆದರೆ ಮೂಳೆ ಕುಸಿದಿರುವುದು ಎಕ್ಸ್‌ರೇಯಲ್ಲೇ ಕಂಡರೆ ಸ್ಕೋರ್ ಎಷ್ಟೇ ಇರಲಿ, ಚಿಕಿತ್ಸೆ ಬೇಕು.

ಇನ್ನು ಶುಗರ್. ಟ್ಯಾಕ್ರೋಲಿಮಸ್ ಇನ್ಸುಲಿನ್ ಬರುವುದನ್ನೇ ತಗ್ಗಿಸುತ್ತದೆ. ಸ್ಟೆರಾಯ್ಡ್, ಇರುವ ಇನ್ಸುಲಿನ್ ಕೆಲಸ ಮಾಡದಂತೆ ತಡೆಯುತ್ತದೆ. ಬೆಳಿಗ್ಗೆ ನುಂಗಿದ ಪ್ರೆಡ್ನಿಸೋಲೋನ್ ಮಧ್ಯಾಹ್ನದಿಂದ ಸಂಜೆವರೆಗೆ ಶುಗರ್ ಏರಿಸುತ್ತದೆ, ರಾತ್ರಿ ಇಳಿಯುತ್ತದೆ. ಬೆಳಗಿನ ರಿಪೋರ್ಟ್ ಮಾತ್ರ ನೋಡಿದ್ದರೆ ಇದು ತಪ್ಪಿಹೋಗುತ್ತಿತ್ತು ಅಲ್ವಾ? ನೀವು ಮಧ್ಯಾಹ್ನ ನೋಡಿದ್ದು ಒಳ್ಳೆಯದಾಯಿತು. 5.6 ನೋಡಿ ಸಮಾಧಾನ ಪಡಬೇಡಿ. ಶಸ್ತ್ರಚಿಕಿತ್ಸೆಯ ನಂತರ ರಕ್ತ ಕೊಟ್ಟಿರುತ್ತಾರೆ, ರಕ್ತಹೀನತೆಯೂ ಇರುತ್ತದೆ. ಮೊದಲ ತಿಂಗಳುಗಳಲ್ಲಿ ಆ ಪರೀಕ್ಷೆ ನಿಜಕ್ಕಿಂತ ಕಡಿಮೆ ತೋರಿಸಬಹುದು. ಊಟದ ನಂತರದ ಅಂಕಿಗಳನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿ. ಸದ್ಯಕ್ಕೆ ಇನ್ಸುಲಿನ್ ಹೇಳಿದರೆ ಹೆದರಬೇಡಿ. ಸ್ಟೆರಾಯ್ಡ್ ಇಳಿದಂತೆ ಹಲವರಿಗೆ ಅದರ ಅಗತ್ಯವೂ ಇಳಿಯುತ್ತದೆ. ಪಯೋಗ್ಲಿಟಜೋನ್ ಎಂಬ ಶುಗರ್ ಮಾತ್ರೆ ಬರೆದರೆ ಮಾತ್ರ ಮೂಳೆಯ ವಿಷಯ ನೆನಪಿಸಿ. ಆ ಮಾತ್ರೆ ಮೂಳೆ ಮುರಿಯುವ ಅಪಾಯ ಹೆಚ್ಚಿಸುತ್ತದೆ.

ಪ್ರಶ್ನೆ (ಅದೇ ಮಗಳು): ಮೂಳೆಗೆಂದು ದಿನಾ ರಾಗಿ ಗಂಜಿ ಕೊಡುತ್ತಿದ್ದೇವೆ. ಪಕ್ಕದ ಮನೆಯವರು ಅಮೃತಬಳ್ಳಿ ಕಷಾಯ ಕೊಡಿ ಎನ್ನುತ್ತಾರೆ.

ಉತ್ತರ: ಅಮೃತಬಳ್ಳಿ ಖಂಡಿತ ಬೇಡ. ಅದರಿಂದ ಲಿವರ್‌ಗೆ ಹಾನಿಯಾದ ಪ್ರಕರಣಗಳು ನಮ್ಮ ದೇಶದಲ್ಲೇ ದಾಖಲಾಗಿವೆ. ಚಕ್ಕೋತವೂ ಬೇಡ, ಅದು ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ಏರಿಸುತ್ತದೆ.

ರಾಗಿ ಬಿಡಬೇಕಿಲ್ಲ. 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ನೀರಾಗಿ ಕುದಿಸಿದ ಗಂಜಿ ಬೇಗ ಶುಗರ್ ಏರಿಸುತ್ತದೆ, ಬೆಲ್ಲ ಹಾಕಿದರೆ ಇನ್ನೂ ಜಾಸ್ತಿ. ಅದರ ಬದಲು ಸಣ್ಣ ಮುದ್ದೆ, ಜೊತೆಗೆ ಬೇಳೆ ಹಾಕಿದ ಸೊಪ್ಪಿನ ಸಾರು ಕೊಡಿ. ದಿನಕ್ಕೆ ಒಟ್ಟು 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಸಾಕು. ಊಟದಲ್ಲಿ ಬಂದದ್ದನ್ನು ಕಳೆದು ಉಳಿದಷ್ಟಕ್ಕೆ ಮಾತ್ರೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನನಗೆ ಮೂಳೆ ಸವೆತಕ್ಕೆ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಕೊಟ್ಟಿದ್ದಾರೆ. ಎದೆ ಉರಿಯುತ್ತದೆ.

ಉತ್ತರ: ಹೇಗೆ ನುಂಗುತ್ತೀರಿ? ಬೆಳಿಗ್ಗೆ ಖಾಲಿ ಹೊಟ್ಟೆ, ಒಂದು ಲೋಟ ಬರೀ ನೀರು. ಕಾಫಿ, ಹಾಲು ಬೇಡ. ಆಮೇಲೆ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಹೀಗೇ ಮಾಡಿಯೂ ಉರಿ ಇದ್ದರೆ ಮುಂದಿನ ಮಾತ್ರೆ ನುಂಗುವ ಮೊದಲು ವೈದ್ಯರಿಗೆ ಹೇಳಿ. ಅದರ ಬದಲಿಗೆ ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೊಲೆಡ್ರೋನಿಕ್ ಆ್ಯಸಿಡ್ ಇದೆ. ಅದಕ್ಕೆ ಮೊದಲು ಕಿಡ್ನಿ, ಕ್ಯಾಲ್ಸಿಯಂ, ವಿಟಮಿನ್ ಡಿ ನೋಡುತ್ತಾರೆ. ಹಲ್ಲು ಕೀಳಿಸುವುದಿದ್ದರೆ ಅದನ್ನು ಮೊದಲೇ ಮುಗಿಸಿಕೊಳ್ಳಿ.